ಬಣ್ಣದ ಬದಿ ಓಣಿಗೆ, ನೀರು ಚಾಚಾನ ಮೇಜಿಗೆ

ನೀರು ಎಲ್ಲಿ ಸೋರುತ್ತದೆ ಎಂದು ಹುಡುಕುವುದೇ ನನ್ನ ಹೊಟ್ಟೆಪಾಡು. ಧಾರವಾಡದ ಆಚೆ, ಬೇಲೂರು ಕೈಗಾರಿಕಾ ಪ್ರದೇಶದಲ್ಲಿ, ಪಂಪು ತಯಾರಿಸುವ ಒಂದು ಕಾರ್ಖಾನೆಯಲ್ಲಿ ನಾನಿದ್ದೇನೆ. ಪಂಪನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸುವುದು, ಒಳಗೆ ಗಾಳಿ ಬಿಡುವುದು, ಗುಳ್ಳೆ ಬಂತೋ ನೋಡುವುದು. ಗುಳ್ಳೆ ಬಂದರೆ ಸೀಮೆಸುಣ್ಣದಿಂದ ಒಂದು ಗುಂಡು ಗುರುತು, ಫೇಲು. ಬರದಿದ್ದರೆ ಪಾಸು. ಏಳನೆಯ ಇಯತ್ತೆಯಲ್ಲಿ ನನ್ನನ್ನು ಪಾಸು ಮಾಡುವುದು ಯಾವ ಮಾಸ್ತರರಿಗೂ ಆಗಲಿಲ್ಲ. ಈಗ ದಿನವಿಡೀ ಪಾಸು, ಫೇಲು ಮಾಡುವವನು ನಾನೇ! ಇಂಥವನ ಮನೆಯಲ್ಲಿ ನೀರು ಸೋರಿದರೆ ಅವನು ಹೆದರುತ್ತಾನೆಯೇ? ನಾನು ಹೆದರಲಿಲ್ಲ. ಹೆದರಿದ್ದರೆ ಚೆನ್ನಾಗಿತ್ತು.

ನಮ್ಮದು ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ಮಹಡಿಯ ಮೇಲಿನ ದೊಡ್ಡ ಖೋಲಿ. ನೆಲ ಸಾಗವಾನಿ ಹಲಗೆಯದು. ಕೆಳಗೆ ಮಾಲೀಕರಾದ ದಾದಾಪೀರ ಚಾಚಾ ಅವರ ಟೇಲರಿಂಗ್ ಅಂಗಡಿ. ನಮ್ಮ ನೆಲವೇ ಅವರ ಚಾವಣಿ. ನಾವು ಕಾಲು ಜೋರಾಗಿ ಊರಿದರೆ ಅವರ ಕತ್ತರಿ ನಡುಗುತ್ತದೆ.

ಈ ಖೋಲಿ ನಮಗೆ ಸುಮ್ಮನೆ ಸಿಕ್ಕಿದ್ದಲ್ಲ. ನನ್ನ ಹೆಂಡತಿ ಮಾದೇವಿ ಖಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತಾಳೆ. ಬೆಳಗಾಗುವ ಮೊದಲೇ ಪಟಪಟ ಬಡಿತ ಶುರು. ಆ ಸಪ್ಪಳ ಕೇಳಿ ನಾಲ್ಕು ಮಾಲೀಕರು ನಮ್ಮನ್ನು ಬಿಡಿಸಿ ಕಳಿಸಿದ್ದರು. ಚಾಚಾ ಒಬ್ಬರೇ ಹೇಳಿದ್ದು: “ನಂದು ಮಷೀನಿನ ಸಪ್ಪಳ, ಮಗಳದು ರೊಟ್ಟಿ ಸಪ್ಪಳ. ಜೋಡಿ ಛಲೋ ಕೂಡತೈತಿ. ಬರ್ರಿ.” ಮೇಲಾಗಿ ಈ ಖೋಲಿಯ ಕಿಟಕಿಯಿಂದ ಬರುವ ಗಾಳಿ ಒಣ ಗಾಳಿ. ರೊಟ್ಟಿ ಒಣಗಲು ಅದು ಬೇಕೇ ಬೇಕು. ಈ ಖೋಲಿ ಹೋದರೆ ಮಾದೇವಿಯ ರೊಟ್ಟಿಯೂ ಹೋದಂತೆಯೇ. ಇಷ್ಟು ನೆನಪಿಡಿ. ಆಗ ನಾನು ಇದನ್ನು ನೆನಪಿಟ್ಟಿರಲಿಲ್ಲ.

ಮಳೆಗಾಲಕ್ಕೆ ಮೊದಲು ಒಂದು ದಿನ ಮಾದೇವಿ ಹೇಳಿದಳು.

“ರೀ, ಕಿಡಕಿ ಕೀಲು ಕಿರ್ ಅನ್ನಾಕತ್ತೈತಿ. ಒಂದ್ ಹನಿ ಎಣ್ಣಿ ಬಿಡ್ರಿ.”

ಒಂದು ಹನಿ ಎಣ್ಣೆ! ಅವಳು ಕೇಳಿದ್ದು ಅಷ್ಟೇ. ಆದರೆ ಒಂದು ಹನಿ ಎಣ್ಣೆ ಬಿಡುವುದು ಗಂಡಸಿನ ಕೆಲಸವೇ? ನಾನು ಆ ಹಳೆಯ ಕಟ್ಟಿಗೆ ಕಿಟಕಿಯನ್ನು ತಟ್ಟಿ ನೋಡಿದೆ, ಮೂಸಿ ನೋಡಿದೆ, ಕಾರ್ಖಾನೆಯ ಧಾಟಿಯಲ್ಲಿ ತೀರ್ಪು ಕೊಟ್ಟೆ.

“ಇದು ಫೇಲ್ ಐತಿ. ಬ್ಯಾರೇನ ಹಾಕತೇನಿ.”

“ನಾ ಎಣ್ಣಿ ಕೇಳೇನ್ರಿ.”

“ನೀ ಸುಮ್ನಿರು.”

ಚಾಚಾನ ಒಪ್ಪಿಗೆಯನ್ನೂ ಪಡೆದೆ. ಕಾರ್ಖಾನೆಯ ಮನುಷ್ಯ ಅಂತ ಅವರು ನನ್ನನ್ನು ನಂಬಿದರು, ಪಾಪ! ಗುಜರಿಯಲ್ಲಿ ಒಂದು ಅಲ್ಯೂಮಿನಿಯಂ ಸರಿಸುವ ಕಿಟಕಿ ಸಿಕ್ಕಿತು. ಯಾರದೋ ಬಂಗಲೆಯದು. ಒಂದು ಬದಿ ಕಂದು ಬಣ್ಣ ಹೊಸದರಂತೆ ಮಿರಮಿರ ಮಿಂಚುತ್ತಿತ್ತು. ಇನ್ನೊಂದು ಬದಿ ಬಣ್ಣ ಮಾಸಿ ಬೂದಿಯಂತಾಗಿತ್ತು. ಮಿಂಚುವ ಬದಿಯಲ್ಲಿ ಚಿಲಕವನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು, ಎರಡು ಸ್ಕ್ರೂ ತೂತು ಮಾತ್ರ ಉಳಿದಿದ್ದವು. ಅದಕ್ಕೇನು, ಒಂದು ಚಿಲಕ ತಂದು ಹಾಕಿದರೆ ಆಯಿತು.

ಕೂಡಿಸುವಾಗ ಮಾದೇವಿ ಮಾಸಿದ ಬದಿಯ ಮೇಲೆ ಬೆರಳಾಡಿಸಿದಳು.

“ಈ ಬದಿ ಯಾಕ ಬಣ್ಣ ಹೋಗೇತ್ರಿ?”

“ಅದು ಒಳಗ ಬರತೈತಿ. ಒಳಗ ಯಾರ್ ನೋಡ್ತಾರ? ಛಲೋ ಬದಿ ಓಣಿಗೆ ಕಾಣಬೇಕು.”

ಕಂಡಿತು. ಓಣಿಯ ಜನ ನಿಂತು ನಿಂತು ನೋಡಿದರು. ಎದುರುಮನೆಯವರು “ಏನ್ ಈರಣ್ಣಾ, ಬಂಗ್ಲೆ ಮಾಡಿದ್ಯಲ್ಲೋ!” ಎಂದರು. ನಾನು ಎರಡು ದಿನ ಸುಮ್ಮಸುಮ್ಮನೆ ಕಿಟಕಿಯಲ್ಲಿ ನಿಂತಿದ್ದೆ.

ಮೂರನೆಯ ದಿನ ಮಳೆ ಬಂತು.

ಮಳೆ ನಿಂತ ಮೇಲೆ ಚಾಚಾ ಮೇಲೆ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೆಮ್ಮಿ, ನಕ್ಕು ಕೇಳಿದರು.

“ಈರಣ್ಣ ಬೇಟಾ, ಮ್ಯಾಲೆ ಏನರ ಅಭಿಷೇಕ ನಡದೈತೇನು?”

“ಇಲ್ರೀ ಚಾಚಾ. ಯಾಕ್ರಿ?”

“ಏನಿಲ್ಲ. ಕೆಳಗ ತೀರ್ಥ ಬರಾಕತ್ತೈತಿ.”

ಅವರ ಕೈಯಲ್ಲಿ ಒಂದು ಬಿಳಿ ಜುಬ್ಬದ ಬಟ್ಟೆ. ನಡುವೆ ರೊಟ್ಟಿಯಷ್ಟು ಅಗಲದ ಕಂದು ಕಲೆ. ಬೇರೆ ಮಾಲೀಕರಾಗಿದ್ದರೆ ಓಣಿಯೆಲ್ಲ ಕೇಳುವಂತೆ ಬೈಯುತ್ತಿದ್ದರು. ಚಾಚಾ ಬೈಯಲಿಲ್ಲ. ಬೈದಿದ್ದರೆ ನನಗೂ ಸಮಾಧಾನವಾಗುತ್ತಿತ್ತು. ಆ ಮನುಷ್ಯನ ಮರ್ಯಾದೆ ಎಂಥದು ಎಂದರೆ, ಕಲೆಯಾದ ಬಟ್ಟೆಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು, ನಾನು ಕೊಟ್ಟ ಚಹಾ ಕುಡಿದು, ಚಹಾ ಛಲೋ ಆಗಿದೆ ಎಂದು ಹೇಳಿ ಇಳಿದು ಹೋದರು.

ಇನ್ನು ಶುರುವಾಯಿತು ನನ್ನ ತಪಾಸಣೆ. ಕಿಟಕಿಗೂ ಗೋಡೆಗೂ ನಡುವಿನ ಸಂದು ಸೋರುತ್ತಿದೆ ಎಂದು ಸುತ್ತಲೂ ಬಿಳಿ ಸಿಮೆಂಟು ಮೆತ್ತಿದೆ. ಮಳೆ ಬಂತು, ಹಲಗೆ ಒದ್ದೆ. ಸಿಮೆಂಟಿನ ಮೇಲೆ ಸಿಲಿಕಾನು ಮೆತ್ತಿದೆ. ಮಳೆ ಬಂತು, ಹಲಗೆ ಮತ್ತೆ ಒದ್ದೆ. ಪೈಪು ಹಿಡಿದು ಮೇಲಿಂದ ಕೆಳಗಿನವರೆಗೆ ಇಡೀ ಕಿಟಕಿಗೆ ನೀರು ಹೊಡೆದು ನೋಡಿದೆ. ಎಲ್ಲವೂ ಒದ್ದೆಯಾಯಿತು. ಎಲ್ಲಿಂದ ಒದ್ದೆಯಾಯಿತು ಎಂಬುದೊಂದು ತಿಳಿಯಲಿಲ್ಲ. ಕೆಳಗಿನಿಂದ ಚಾಚಾ ಕೂಗಿದರು: “ಬೇಟಾ, ಇವತ್ತ ಮಳಿ ಇಲ್ಲಲ್ಲೋ!”

ಸರಿ, ಕಾರ್ಖಾನೆಯ ಪದ್ಧತಿಯನ್ನೇ ತರೋಣ ಎಂದು ತೀರ್ಮಾನಿಸಿದೆ. ಕಿಟಕಿಯ ಒಳಬದಿಗೆ ಸಾಬೂನಿನ ನೊರೆ ಬಳಿಯುವುದು, ಹೊರಗಿನಿಂದ ಗಾಳಿ ಹಾಯಿಸುವುದು, ಗುಳ್ಳೆ ಎಲ್ಲಿ ಏಳುತ್ತದೋ ಅಲ್ಲೇ ಕಳ್ಳ! ಗಾಳಿಗೆ ಏನು ಮಾಡುವುದು? ಓಣಿಯಲ್ಲಿ ಏಣಿ ನಿಲ್ಲಿಸಿ, ಏಣಿಯ ತುದಿಗೆ ಟೇಬಲ್ ಫ್ಯಾನು ಕಟ್ಟಿದೆ. ಜನ ಸೇರಿತು. ಒಬ್ಬರು “ಕಿಡಕಿಗೆ ಸೆಕಿ ಆಗೇತೇನು?” ಎಂದು ಕೇಳಿದರು. ತಿಳಿಯದವರಿಗೆ ಏನು ಹೇಳುವುದು? ಗುಂಡಿ ಒತ್ತಿ ಮೇಲೆ ಓಡಿದೆ.

ನೊರೆ ಖೋಲಿಯ ತುಂಬ ಹಾರುತ್ತಿತ್ತು. ರೊಟ್ಟಿ ಗೂಡೆಯ ಮೇಲೂ ಕೂತಿತ್ತು. ಮಾದೇವಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಇವನ್ನ ಕೊಟ್ಟೆ ಅಂದ್ರ ಖಾನಾವಳ್ಯಾಗ ಉಂಡವರು ತೇಗಿದ್ರ ಗುಳ್ಳಿ ಬರತಾವು.”

ಆದರೆ ನನ್ನ ಕಣ್ಣು ಬೇರೆ ಕಡೆ ಇತ್ತು. ಕಿಟಕಿಯ ಕೆಳಗಿನ ಪಟ್ಟಿ, ಗಾಜು ಸರಿದಾಡುವ ಆ ಕಾಲುವೆ ಇರುತ್ತದಲ್ಲ, ಅದರ ಒಳಗಿನ ಅಂಚಿನಲ್ಲಿ ಎರಡು ಉದ್ದನೆಯ ತೂತು. ಎರಡರಿಂದಲೂ ಬುಳುಬುಳು ಗುಳ್ಳೆ!

“ಸಿಕ್ಕಿತು!” ಎಂದು ಕೂಗಿದೆ. “ಕಂಪನಿ ತಪ್ಪು ಐತಿ ಇದು! ಕಿಡಕಿಗೆ ಯಾವ ಮಬ್ಬ ತೂತು ಹಾಕ್ಯಾನು!”

“ಎರಡೂ ಅಳತಿ ಹಿಡದು ಹಾಕಿದಂಗ ಅದಾವಲ್ರಿ,” ಎಂದಳು ಮಾದೇವಿ. “ಬೇಕಂತ ಹಾಕಿರಬೇಕು.”

“ನೀ ರೊಟ್ಟಿ ನೋಡು. ಇದು ಲೀಕ್ ಟೆಸ್ಟಿಂಗು.”

ಎಂ-ಸೀಲ್ ಕಲಸಿ ಎರಡೂ ತೂತು ಮುಚ್ಚಿದೆ. ಮೇಲೆ ಸೀಮೆಸುಣ್ಣದಿಂದ “ಪಾಸ್” ಎಂದು ಬರೆದೆ. ಇದು ಸುಳ್ಳಲ್ಲ, ಖರೇ ಬರೆದೆ!

ಮುಂದಿನ ಮಳೆ ಎರಡು ದಿನ ಬಿಡದೆ ಹೊಡೆಯಿತು. ಆ ಕಾಲುವೆ ದನದ ಗೋದಲಿಯಂತೆ ತುಂಬಿತು. ತುಂಬಿ, ತುಳುಕಿ, ಒಳಗಿನ ಅಂಚು ದಾಟಿ ಹಲಗೆಯ ಮೇಲೆ ಹರಿಯಿತು. ಮೊದಲು ಚಾಚಾನ ಮೇಜಿನ ಮೇಲೆ ಹನಿ ಬೀಳುತ್ತಿತ್ತು. ಈಗ ಧಾರೆ ಬಿತ್ತು. ಹಲಗೆಗಳು ನೀರು ಕುಡಿದು ಉಬ್ಬಿದವು, ಅಂಚು ಎತ್ತಿಕೊಂಡು ನಿಂತವು, ಕಪ್ಪಗಾದವು. ಮೂರನೆಯ ದಿನ ಬೆಳಿಗ್ಗೆ ಮಾದೇವಿ ರೊಟ್ಟಿ ಕೊಡಲು ಹೋಗಿದ್ದಳು. ನನ್ನ ಕಂಪನಿ ಬಸ್ಸಿನ ಹೊತ್ತಾಗಿತ್ತು. ಅವಳು ಹೊರಗಿನಿಂದ ಬಲವಾಗಿ ಎಳೆದುಕೊಂಡು ಹೋಗಿದ್ದ ಬಾಗಿಲನ್ನು ಎಳೆದೆ. ಬಾಗಿಲ ಕೆಳಗಿನ ಹಲಗೆ ಉಬ್ಬಿ ಬಾಗಿಲನ್ನು ಹಿಡಿದುಬಿಟ್ಟಿತ್ತು. ಎಳೆದೆ, ಒದ್ದೆ, ಬೇಡಿಕೊಂಡೆ. ಅಲ್ಲಾಡಲಿಲ್ಲ.

ಆ ದಿನ ನಾನು ಕೆಲಸಕ್ಕೆ ಕಿಟಕಿಯಿಂದ ಹೋದೆ.

ಚಾಚಾ ಕೆಳಗೆ ಏಣಿ ಹಿಡಿದಿದ್ದರು. ನಾನು ಇಳಿದ ಮೇಲೆ, ಮೊದಲ ಸಲ ನಗದೆ ಮಾತಾಡಿದರು.

“ಬೇಟಾ, ದೀಪಾವಳಿ ಬಟ್ಟಿ ಬರಾಕ ಇನ್ನೊಂದ ತಿಂಗಳ ಐತಿ. ಕೆಳಗ ಮಂದಿ ಬಟ್ಟಿ ತೂಗಿರತಾವು. ಅಷ್ಟ್ರಾಗ ನೀರು ನಿಲ್ಲಬೇಕು. ನಿಲ್ಲಲಿಲ್ಲ ಅಂದ್ರ ಬ್ಯಾರೆ ಮನಿ ನೋಡ್ಕೋರಿ. ಬಾಡಗಿಯವರು ನಂಗ ಮತ್ತ ಸಿಗತಾರ. ನಮ್ಮಪ್ಪ ಹಾಕಿಸಿದ ಹಲಗಿ ಮತ್ತ ಸಿಗೂದಿಲ್ಲ.”

ಇಷ್ಟು ಹೇಳಿ ನನ್ನ ಹೆಗಲ ಮೇಲಿನ ಸಿಮೆಂಟು ಝಾಡಿಸಿ ಕಳಿಸಿದರು. ಬಸ್ಸಿನಲ್ಲಿ ನನಗೆ ಮಾದೇವಿಯ ರೊಟ್ಟಿ ಬಡಿತವೇ ಕೇಳುತ್ತಿತ್ತು. ಇನ್ನು ಯಾವ ಮನೆಯಲ್ಲಿ ಬಡಿಯುತ್ತಾಳೆ?

ಹೆದರಿದ ಮನುಷ್ಯ ಸುಮ್ಮನೆ ಕೂಡಬೇಕು. ನಾನು ಉಜ್ಜುಗೊರಡು ತಂದೆ. ಬಾಗಿಲ ಹತ್ತಿರ ಉಬ್ಬಿದ ಹಲಗೆಯ ಅಂಚನ್ನು ಒದ್ದೆ ಇದ್ದಾಗಲೇ ಕೆತ್ತಿ ಕೆತ್ತಿ ಸಮ ಮಾಡಿದೆ. ಬಾಗಿಲು ತೆರೆಯಿತು. ಜಯ! ನಾಲ್ಕು ದಿನ ಬಿಸಿಲು ಬಿತ್ತು. ಹಲಗೆ ಒಣಗಿತು, ಕುಗ್ಗಿತು. ನಾನು ಕೆತ್ತಿದ ಜಾಗದಲ್ಲಿ ಒಂದು ಬೆರಳಗಲದ ಸಂದು ಬಿಟ್ಟಿತು. ಬಗ್ಗಿ ನೋಡಿದೆ. ಕೆಳಗೆ ಚಾಚಾನ ಬೋಳು ತಲೆ ಕಂಡಿತು. ಇನ್ನಷ್ಟು ಬಗ್ಗಿದೆ. ನನ್ನ ಅಂಗಿಯ ಜೇಬಿನಿಂದ ಒಂದು ಸ್ಕ್ರೂ ಜಾರಿ ಸಂದಿಯೊಳಗೆ ಹೋಯಿತು. ಕೆಳಗೆ ‘ಟಣ್’ ಎಂದಿತು.

ಚಾಚಾ ತಲೆ ಎತ್ತಿದರು. ನನ್ನ ಒಂದು ಕಣ್ಣು ಅವರಿಗೆ ಕಂಡಿರಬೇಕು.

“ಈರಣ್ಣಾ, ಚಹಾಕ್ಕ ಸಕ್ಕರಿ ಕಡಿಮಿ ಆಗಿತ್ತು ಖರೇ. ಸ್ಕ್ರೂ ಬೇಕಾಗಿರಲಿಲ್ಲ.”

ಅಂದು ಭಾನುವಾರ. ನಾನು ಮೇಲೆದ್ದು ಸೊಂಟ ಕಟ್ಟಿದೆ. ಇನ್ನು ಉಳಿದಿದ್ದು ಒಂದೇ ದಾರಿ, ಕಿಟಕಿಯ ಮೇಲಿನ ಗೋಡೆಯನ್ನೇ ಒಡೆದು ನೋಡುವುದು. ಸುತ್ತಿಗೆ ಎತ್ತಿದೆ. ಮಾದೇವಿ ಬಂದು ನನ್ನ ಕೈಯಿಂದ ಸುತ್ತಿಗೆ ತೆಗೆದುಕೊಂಡಳು. ಕಿತ್ತುಕೊಳ್ಳಲಿಲ್ಲ, ಎತ್ತರದ ಗೂಡಿನಿಂದ ಡಬ್ಬಿ ತೆಗೆದುಕೊಳ್ಳುವಂತೆ ತೆಗೆದುಕೊಂಡಳು.

“ಕೂಡ್ರಿ.”

“ನೀ ಏನ್ ಮಾಡ್ತಿ?”

“ನೀರು ಎಲ್ಲಿಂದ ಬರತೈತಿ ಅಂತ ನೀರನ್ನ ಕೇಳತೇನಿ.”

ಹುಳ ಬಿದ್ದು ಬದಿಗಿಟ್ಟಿದ್ದ ಜೋಳದ ಹಿಟ್ಟನ್ನು ಜರಡಿಯಲ್ಲಿ ಹಾಕಿಕೊಂಡಳು. ಕಿಟಕಿಯ ಕೆಳಗಿನ ಗೋಡೆಗೆ, ಕಿಟಕಿಯ ಅಂಚಿಗೆ, ಅಲ್ಲಿಂದ ಹಲಗೆಯ ಮೇಲೆ ಖೋಲಿಯ ನಡುವಿನವರೆಗೆ ತೆಳ್ಳಗೆ ಉದುರಿಸಿದಳು. ನೆಲವೆಲ್ಲ ಬೆಳ್ಳಗಾಯಿತು. ಒಣ ಹಿಟ್ಟಿನ ಮೇಲೆ ಒಂದು ಹನಿ ನೀರು ಬಿದ್ದರೂ ಕಪ್ಪಗೆ ಕಾಣುತ್ತದೆ. ದಿನಕ್ಕೆ ಮುನ್ನೂರು ರೊಟ್ಟಿ ಬಡಿಯುವ ಕೈಗೆ ಇದು ತಿಳಿಯದೇ? ಆರು ವರ್ಷ ಗುಳ್ಳೆ ನೋಡಿದ ನನಗೆ ಇದು ಹೊಳೆದಿರಲಿಲ್ಲ!

ನನ್ನನ್ನು ಏಣಿ ಹತ್ತಿಸಿ ಕೈಗೆ ಒಂದು ತಂಬಿಗೆ ಕೊಟ್ಟಳು. ತಾನು ಒಳಗೆ ಕೂತಳು.

“ಪೈಪು ಬ್ಯಾಡ. ತಂಬಿಗೀಲೆ ಹಾಕ್ರಿ. ಮೊದಲ ಕಿಡಕಿ ಕೆಳಗಿನ ಗ್ವಾಡಿಗೆ.”

“ಮಳಿ ಮ್ಯಾಲಿಂದ ಬರತೈತಿ, ಮಾದೇವಿ.”

“ಮ್ಯಾಲಿಂದ ಹಾಕಿದ್ರ ಎಲ್ಲಾ ಒಮ್ಮೆ ತೊಯ್ತೈತಿ, ಏನ್ ತಿಳೀತೈತಿ? ಕೆಳಗಿಂದ ಬರ್ರಿ.”

ಗೋಡೆಗೆ ಹಾಕಿದೆ. ಹಿಟ್ಟು ಬಿಳಿ. ಎಡ ಸಂದಿಗೆ ಹಾಕಿದೆ. ಬಿಳಿ. ಬಲ ಸಂದಿಗೆ. ಬಿಳಿ. ನನ್ನ ಸಿಮೆಂಟು ಗಟ್ಟಿಯೇ ಇತ್ತು, ಅದೊಂದು ಸಮಾಧಾನ. ಆಮೇಲೆ ಒಂದು ಹೇರ್‌ಪಿನ್ನಿನಿಂದ ಅವಳು ನನ್ನ ಎಂ-ಸೀಲನ್ನು ಕೆರೆದು ತೆಗೆದಳು. “ಪಾಸ್” ಕೂಡ ಹೋಯಿತು.

“ಈಗ ಗಾಜಿಗೆ ಹಾಕ್ರಿ.”

ಗಾಜಿನ ಮೇಲೆ ನೀರು ಇಳಿಯಿತು, ಕಾಲುವೆಗೆ ಬಿತ್ತು. ಎರಡೂ ತೂತಿನಿಂದ ಖೋಲಿಯೊಳಗೆ ಬಿತ್ತು. ಬಿಳಿ ಹಿಟ್ಟಿನ ಮೇಲೆ ಎರಡು ಕಪ್ಪು ಗೆರೆ ಹರಿದವು. ಗೋಡೆ ಇಳಿದು, ಹಲಗೆಯ ಸಂದು ಹಿಡಿದು, ಸೀದಾ ಖೋಲಿಯ ನಡುವಿನವರೆಗೆ ಹೋಗಿ ಅಲ್ಲಿ ಮಾಯವಾದವು. ಕೆಳಗಿನಿಂದ ಚಾಚಾನ ದನಿ ಬಂತು: “ಬಂತು ಬಂತು, ಮಗಳ! ಮೇಜಿನ ನಟ್ಟನಡುವ!”

“ನಾ ಹೇಳಿದ್ದಿಲ್ಲೇನು, ಆ ತೂತ ತಪ್ಪು!” ಎಂದು ಏಣಿಯ ಮೇಲಿಂದಲೇ ಕೂಗಿದೆ.

ಮಾದೇವಿ ತಲೆ ಎತ್ತಲಿಲ್ಲ. ಕಾಲುವೆಯನ್ನು ನೋಡುತ್ತಾ ಕೂತಿದ್ದಳು. ಒಳ ಅಂಚು ಗಿಡ್ಡ, ಹೊರ ಅಂಚು ಎತ್ತರ. ಆಮೇಲೆ ಎದ್ದು, ಗಾಜು ಸರಿಸಿ, ಕೈ ಹೊರಗೆ ಹಾಕಿ, ಓಣಿಗೆ ಮಿಂಚುವ ಆ ಕಂದು ಬದಿಯ ಮೇಲೆ ಬೆರಳಾಡಿಸಿದಳು. ಎರಡು ಸ್ಕ್ರೂ ತೂತು ಸಿಕ್ಕವು.

“ರೀ, ಚಿಲಕ ಇದ್ದದ್ದು ಈ ಬದಿ ಅಲ್ಲೇನು?”

“ಹೌದು.”

“ಮನಿಗೆ ಚಿಲಕ ಒಳಗಿರತೈತೋ, ಹೊರಗೋ?”

ನಾನು ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

“ಬಿಸಿಲಿಗೆ ಬಣ್ಣ ಹೋಗೂದು ಒಳಗಿನ ಬದೀದೋ, ಹೊರಗಿನ ಬದೀದೋ?”

ಉತ್ತರವನ್ನು ಓಣಿಯಲ್ಲಿ ನಿಂತಿದ್ದ ನಾಲ್ಕು ಜನ ಒಟ್ಟಿಗೆ ಕೊಟ್ಟರು: “ಹೊರಗಿಂದು!”

“ತೂತಿಂದು ತಪ್ಪಿಲ್ರಿ,” ಎಂದಳು ಮಾದೇವಿ, ಮೆಲ್ಲಗೆ. “ಬಿದ್ದ ನೀರು ಹೊರಗ ಹೋಗಲಿ ಅಂತ ಹಾಕ್ಯಾರ. ನೀವು ಕಿಡಕೀನ ತಿರುಗಿ ಕೂಡಿಸೀರಿ.”

ಓಣಿಗೆ ಬಣ್ಣ ಕಾಣಲಿ ಎಂದು ನಾನು ಕಿಟಕಿಯ ಹೊರಗನ್ನು ಒಳಗೆ, ಒಳಗನ್ನು ಹೊರಗೆ ಮಾಡಿ ಕೂಡಿಸಿದ್ದೆ. ಇಡೀ ಓಣಿಯ ಮಳೆಯನ್ನು ಹಿಡಿದು ಚಾಚಾನ ಮೇಜಿಗೆ ಮುಟ್ಟಿಸುವ ಯಂತ್ರ ಮಾಡಿದ್ದೆ. ಸರ್ಕಾರದ ನೀರಾವರಿಯವರೂ ಇಷ್ಟು ಗುರಿಯಿಟ್ಟು ಹರಿಸುವುದಿಲ್ಲ!

ನಾನು ಯಾರನ್ನೂ ಸುಮ್ಮನೆ ಹೊಗಳುವವನಲ್ಲ. ಆದರೆ ಖರೇ ಹೇಳುತ್ತೇನೆ, ಆ ಹೊತ್ತು ಏಣಿಯ ಮೇಲೆ ತಂಬಿಗೆ ಹಿಡಿದು ನಿಂತು ನನ್ನ ಹೆಂಡತಿಯನ್ನು ನೋಡಿದೆ. ಹುಬ್ಬಿನ ಮೇಲೆ ಹಿಟ್ಟು, ಕೈಯಲ್ಲಿ ಹೇರ್‌ಪಿನ್ನು. ನಮ್ಮ ಕಾರ್ಖಾನೆಯಲ್ಲಿ ಗಾಜಿನ ಕೋಣೆಯಲ್ಲಿ ಕೂಡುವ ಇಂಜಿನಿಯರರನ್ನು ನಾನು ಕಂಡಿದ್ದೇನೆ. ಇಷ್ಟು ಸೀದಾ ಯೋಚಿಸುವವರನ್ನು ಕಂಡಿರಲಿಲ್ಲ. ಅವಳು ಒಂದು ಸಲವೂ “ನಾ ಮೊದಲಽ ಹೇಳಿದ್ದೆ” ಎನ್ನಲಿಲ್ಲ. ಹೇಳಿದ್ದಳು, ಮೂರು ಸಲ.

ಅಂದೇ ಸಿಮೆಂಟು ಒಡೆದು ಕಿಟಕಿ ತಿರುಗಿಸಿದೆವು. ಅವಳು ಹೇಳಿದಳು, ನಾನು ಹಿಡಿದೆ. ಹಲಗೆಗೆ ಮತ್ತೆ ಉಜ್ಜುಗೊರಡು ಹಿಡಿಯಲು ಹೋದಾಗ ತಡೆದಳು.

“ಕೈ ಹಚ್ಚಬ್ಯಾಡ್ರಿ. ರೊಟ್ಟಿ ಒಂದ ಬದಿ ಹಸಿ, ಒಂದ ಬದಿ ಒಣಾ ಆದ್ರ ಹೆಂಗ ಆಗತೈತಿ?”

“ಡೊಂಕ.”

“ಹಲಗೀನೂ ಹಂಗ. ಕೆಳಗ ಮ್ಯಾಲೆ ಎರಡೂ ಕಡೆ ಗಾಳಿ ಆಡಲಿ. ತಾನ ಕೂಡತೈತಿ.”

ಕೆಳಗೆ ಚಾಚಾ ಫ್ಯಾನು ಹಚ್ಚಿದರು, ಮೇಲೆ ನಾವು ಹಚ್ಚಿದೆವು. ಹದಿನೈದು ದಿನದಲ್ಲಿ ಎತ್ತಿಕೊಂಡಿದ್ದ ಅಂಚುಗಳು ಒಂದೊಂದಾಗಿ ಕೂತವು. ನಾನು ಕೆತ್ತಿದ ಒಂದು ಹಲಗೆಯನ್ನು ಬಿಟ್ಟು.

ಆಮೇಲೆ ಒಂದು ಸಂಜೆ ದೊಡ್ಡ ಮಳೆ ಬಂತು. ಚಾಚಾ ಕೆಳಗೆ ಮೇಜಿನ ಮೇಲೆ ಒಂದು ಬಿಳಿ ಬಟ್ಟೆ ಹಾಸಿ ಕಾದು ಕೂತರು. ಮೇಲೆ ನಾವಿಬ್ಬರೂ ಕಿಟಕಿಯ ಮುಂದೆ ಕೂತೆವು. ಕಾಲುವೆಯಲ್ಲಿ ನೀರು ಬಿತ್ತು, ಏರಿತು, ಎರಡೂ ತೂತಿನಿಂದ ಓಣಿಗೆ ಜಿಗಿಯಿತು. ಮಾದೇವಿ ನನ್ನ ಮಣಿಕಟ್ಟು ಹಿಡಿದಿದ್ದಳು, ಬಳೆ ಒತ್ತುವಷ್ಟು ಗಟ್ಟಿ. ಅರ್ಧ ತಾಸಿನ ಮೇಲೆ ನಾನು ಕೆತ್ತಿದ ಹಲಗೆಯ ಸಂದಿಯಿಂದ ಚಾಚಾನ ದನಿ ಬಂತು.

“ಮಗಳ! ಬಟ್ಟಿ ಒಣಾ ಐತಿ!”

ಸ್ವಲ್ಪ ಹೊತ್ತಿಗೆ ತಾವೇ ಮೇಲೆ ಬಂದರು.

“ಎಲ್ಲೂ ಹೋಗಬ್ಯಾಡ್ರಿ. ಇಲ್ಲೇ ಇರ್ರಿ. ಒಂದಽ ಮಾತು.” ನನ್ನ ಕಡೆ ನೋಡಿ ಕೈ ಚಾಚಿದರು. “ಸ್ಕ್ರೂಡ್ರೈವರ್, ಸುತಗಿ, ಆ ಉಜ್ಜುಗೊರಡು. ಎಲ್ಲಾ ನನ್ನ ಕಡೆ ಇರಲಿ, ಬೇಟಾ.”

ಕೊಟ್ಟೆ. ಈಗ ಅವು ಅಂಗಡಿಯಲ್ಲಿ, ಗುಂಡಿ ಡಬ್ಬಿಗಳ ಹಿಂದೆ ಇವೆ. ಮಾದೇವಿ ಕೇಳಿದರೆ ಚಾಚಾ ಕೊಡುತ್ತಾರೆ. ನಾನು ಕೇಳಿದರೆ ಚಹಾ ತರಿಸುತ್ತಾರೆ.

ಓಣಿಗೆ ಈಗ ಮಾಸಿದ ಬದಿ ಕಾಣುತ್ತದೆ. ಎದುರುಮನೆಯವರು “ಯಾಕ ಈರಣ್ಣಾ, ಹೊಸಾ ಕಿಡಕಿ ತಗದು ಹಳೇದ ಹಾಕಿದೇನು?” ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ. ಮೊನ್ನೆ ಬಾಗಿಲ ಕೀಲು ಕಿರ್ ಎಂದಿತು. ನಾನು ಏಳಲು ಹೋದೆ. ಮಾದೇವಿ ನೋಡಿದಳು. ಕೂತೆ. ಅವಳೇ ಎಣ್ಣೆ ಬಾಟಲಿ ತಂದು ಒಂದು ಹನಿ ಬಿಟ್ಟಳು. ಒಂದೇ ಹನಿ. ಸಪ್ಪಳ ನಿಂತಿತು.

ನನಗೂ ಕೆಲಸ ಇತ್ತು. ನಾನು ಬ್ಯಾಟರಿ ಹಿಡಿದಿದ್ದೆ. ಅದನ್ನೂ ಅವಳೇ ತಿರುಗಿಸಿ ಕೊಟ್ಟಳು. ಬೆಳಕು ನನ್ನ ಮುಖಕ್ಕೆ ಬೀಳುತ್ತಿತ್ತು!